ಗಜೇಂದ್ರಗಡಕರ ಎಳೆದ ಗೆರೆ

1956ರ ನವೆಂಬರ್ 1ರ ಏಕೀಕರಣಕ್ಕೆ ಮೊದಲು ಗದಗ ಬಳಿಯ ನಮ್ಮ ಹೊಂಬಳದವರೊಬ್ಬರು ಬದುವಿನ ತಂಟೆಯನ್ನೋ ದತ್ತಕದ ತಕರಾರನ್ನೋ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದರೆ ಆ ದಾರಿ ಬೆಂಗಳೂರಿಗೆ ಹೋಗುತ್ತಿರಲಿಲ್ಲ. ಗದಗಿನಲ್ಲಿ ಸೋತವರು ಧಾರವಾಡಕ್ಕೆ, ಅಲ್ಲಿಯೂ ಸೋತವರು ಮುಂಬಯಿಗೆ ಹೋಗುತ್ತಿದ್ದರು. ನಮ್ಮ ಹೈಕೋರ್ಟು ಮುಂಬಯಿಯಲ್ಲಿತ್ತು. 1945ರಿಂದ 1956ರ ಜನವರಿಯವರೆಗೆ ಆ ಹೈಕೋರ್ಟಿನ ಪೀಠದಲ್ಲಿ ಕೂತಿದ್ದವರಲ್ಲಿ ಒಬ್ಬರು ನಮ್ಮ ಗದಗ ಜಿಲ್ಲೆಯ ಊರನ್ನು ಹೆಸರಿನಲ್ಲೇ ಹೊತ್ತವರು: ಪ್ರಹ್ಲಾದ ಬಾಲಾಚಾರ್ಯ ಗಜೇಂದ್ರಗಡಕರ. ಮುಂದೆ ಅವರು ಭಾರತದ ಮುಖ್ಯ ನ್ಯಾಯಮೂರ್ತಿಯಾದರು.

ಕರ್ನಾಟಕದಿಂದ ಆ ಸ್ಥಾನಕ್ಕೇರಿದವರು ಎಂದರೆ ಇ.ಎಸ್. ವೆಂಕಟರಾಮಯ್ಯ, ಎಂ.ಎನ್. ವೆಂಕಟಾಚಲಯ್ಯ, ಎಸ್. ರಾಜೇಂದ್ರ ಬಾಬು, ಎಚ್.ಎಲ್. ದತ್ತು ಅವರ ಹೆಸರು ಹೇಳುತ್ತೇವೆ. ಗಜೇಂದ್ರಗಡಕರರನ್ನು ಮಹಾರಾಷ್ಟ್ರದ ಲೆಕ್ಕಕ್ಕೆ ಬಿಟ್ಟುಬಿಟ್ಟಿದ್ದೇವೆ. ಅವರು ಹುಟ್ಟಿ ಬೆಳೆದದ್ದು ಸಾತಾರಾದಲ್ಲಿ, ಬಾಳಿದ್ದು ಮುಂಬಯಿಯಲ್ಲಿ ಎಂಬುದು ನಿಜ. ಅವರನ್ನು ನಮ್ಮವರೆಂದು ಹಕ್ಕು ಮಂಡಿಸಲು ನಾನಿದನ್ನು ಬರೆಯುತ್ತಿಲ್ಲ. ಅವರು ಬರೆದ ತೀರ್ಪುಗಳು ಇಂದಿಗೂ ಹೊಂಬಳದ ಮನೆಗಳೊಳಗೆ ಕೆಲಸ ಮಾಡುತ್ತಿವೆ. ಗದಗಿನ ಸರಕಾರಿ ವೈದ್ಯಕೀಯ ಕಾಲೇಜಿನ ಸೀಟು ಯಾರಿಗೆ, ಗುಡಿಯೊಳಗೆ ಯಾರು ಹೋಗಬಹುದು, ಲಿಂಗಾಯತ ಸ್ವತಂತ್ರ ಧರ್ಮವೇ ಎಂಬ ಪ್ರಶ್ನೆಗಳನ್ನೆಲ್ಲ ಅವರ ಕೈ ಮುಟ್ಟಿದೆ. ಹಾಗಿದ್ದಮೇಲೆ ಆ ಮನುಷ್ಯ ಯಾರು, ಹೇಗೆ ಯೋಚಿಸಿದರು ಎಂಬುದು ನಮಗೆ ತಿಳಿದಿರಬೇಕು.

ಅವರದು ವಿದ್ವಾಂಸರ ಮಾಧ್ವ ಮನೆತನ. ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗಜೇಂದ್ರಗಡದಿಂದ ಸಾತಾರಾಕ್ಕೆ ಹೋಗಿ ನೆಲೆಸಿದ ಕುಟುಂಬ. ತಂದೆ ಬಾಲಾಚಾರ್ಯರು ಸಂಸ್ಕೃತದಲ್ಲಿ ಹೆಸರಾದವರು. ಅಣ್ಣ ಅಶ್ವತ್ಥಾಮಾಚಾರ್ಯರು ಮುಂಬಯಿಯಲ್ಲಿ ಸಂಸ್ಕೃತ ಪ್ರಾಧ್ಯಾಪಕರು. 1901ರ ಮಾರ್ಚ್ 16ರಂದು ಹುಟ್ಟಿದ ಪ್ರಹ್ಲಾದ ಸಾತಾರಾದಲ್ಲಿ ಶಾಲೆ ಮುಗಿಸಿ, 1918ರಲ್ಲಿ ಕಾಲೇಜಿಗೆಂದು ಬಂದದ್ದು ಧಾರವಾಡಕ್ಕೆ. ಕರ್ನಾಟಕ ಕಾಲೇಜು ಶುರುವಾಗಿ ಆಗಿನ್ನೂ ಒಂದು ವರ್ಷ. ಎರಡು ವರ್ಷ ಇಲ್ಲಿ ಓದಿ ಪುಣೆಯ ಡೆಕ್ಕನ್ ಕಾಲೇಜಿಗೆ ಹೋದರು. 1924ರಲ್ಲಿ ಎಂ.ಎ., 1926ರಲ್ಲಿ ಕಾನೂನು ಪದವಿ. ಆಮೇಲೆ ಮುಂಬಯಿ ಹೈಕೋರ್ಟಿನ ‘ಅಪೆಲೇಟ್ ಸೈಡ್’ನಲ್ಲಿ ವಕೀಲಿ.

ಈ ಅಪೆಲೇಟ್ ಸೈಡ್ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಂಬಯಿ ನಗರದ ದೊಡ್ಡ ವ್ಯಾಪಾರಿಗಳ ದಾವೆಗಳು ನಡೆಯುವುದು ‘ಒರಿಜಿನಲ್ ಸೈಡ್’ನಲ್ಲಿ. ಅಲ್ಲಿ ಆಗ ಇಂಗ್ಲೆಂಡಿನಿಂದ ಬ್ಯಾರಿಸ್ಟರ್ ಆಗಿ ಬಂದವರ ದರ್ಬಾರು. ಜಿಲ್ಲೆಗಳಿಂದ ಬರುವ ಮೇಲ್ಮನವಿಗಳ ಜಾಗ ಅಪೆಲೇಟ್ ಸೈಡ್. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳ ಹೊಲ, ಮನೆ, ಪಾಲು, ದತ್ತಕ, ಜೀವನಾಂಶದ ಕಟ್ಟುಗಳೆಲ್ಲ ಬಂದು ಬೀಳುತ್ತಿದ್ದದ್ದು ಅಲ್ಲಿಯೇ. ಹತ್ತೊಂಬತ್ತು ವರ್ಷ ಗಜೇಂದ್ರಗಡಕರ ಮೇಯ್ದದ್ದು ಈ ಕಟ್ಟುಗಳನ್ನು. ಹಿಂದೂ ಕುಟುಂಬದ ಒಳಗೆ ಯಾರಿಗೆ ಏನು ಸಿಗುತ್ತದೆ, ಯಾರಿಗೆ ಏನೂ ಸಿಗುವುದಿಲ್ಲ ಎಂಬುದನ್ನು ಅವರು ಕಂಡದ್ದು ಜನರ ಜಗಳಗಳಲ್ಲಿ. ಅದೇ ಕಾಲದಲ್ಲಿ ಅವರು ‘ಹಿಂದೂ ಲಾ ಕ್ವಾರ್ಟರ್ಲಿ’ ಎಂಬ ಪತ್ರಿಕೆಯ ಸಂಪಾದಕರಾದರು. ದತ್ತಕದ ಬಗ್ಗೆ ನಂದಪಂಡಿತ ಬರೆದ ‘ದತ್ತಕಮೀಮಾಂಸಾ’ ಗ್ರಂಥವನ್ನು ಸಂಪಾದಿಸಿದರು. ಶಾಸ್ತ್ರವನ್ನು ಬಲ್ಲವನೇ ಶಾಸ್ತ್ರವನ್ನು ಪ್ರಶ್ನಿಸಬೇಕು ಎಂಬ ಧೈರ್ಯ ಅವರಿಗೆ ಬಂದದ್ದು ಈ ಎರಡು ಕೆಲಸಗಳು ಕೂಡಿದ್ದರಿಂದ ಎಂದು ನನ್ನ ತಿಳಿವಳಿಕೆ. ಹಿಂದೂ ಕೋಡ್ ಮಸೂದೆಗೆ ಸಂಪ್ರದಾಯಸ್ಥರು ದೇಶವಿಡೀ ಎದುರಾಗಿ ನಿಂತಾಗ ಈ ಆಚಾರ್ಯರ ಮಗ ಮಸೂದೆಯ ಪರ ನಿಂತರು.

ನ್ಯಾಯಮೂರ್ತಿಯಾಗಿ ಆ ಧೈರ್ಯ ಕಂಡದ್ದು 1951ರ ನರಸು ಅಪ್ಪಾ ಮಾಳಿ ಪ್ರಕರಣದಲ್ಲಿ. ಹಿಂದೂ ಗಂಡಸು ಒಬ್ಬಳಿರುವಾಗ ಇನ್ನೊಬ್ಬಳನ್ನು ಮದುವೆಯಾಗುವುದನ್ನು ಮುಂಬಯಿ ಸರಕಾರ 1946ರ ಕಾನೂನಿನಿಂದ ಅಪರಾಧ ಮಾಡಿತ್ತು. ದೇಶದ ಕಾನೂನು ಬಂದದ್ದು 1955ರಲ್ಲಿ. ಅಂದರೆ ಗದಗ ಸೀಮೆಯ ಹೆಣ್ಣುಮಕ್ಕಳಿಗೆ ಈ ರಕ್ಷಣೆ ಒಂಬತ್ತು ವರ್ಷ ಮೊದಲೇ ಸಿಕ್ಕಿತ್ತು. ಮುಸಲ್ಮಾನರಿಗಿಲ್ಲದ ನಿರ್ಬಂಧ ನಮಗೇಕೆ, ಇದು ಧರ್ಮದ ಸ್ವಾತಂತ್ರ್ಯಕ್ಕೆ ಧಕ್ಕೆ ಎಂಬ ವಾದ ಎದ್ದಿತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಮತ್ತು ಗಜೇಂದ್ರಗಡಕರ ಇಬ್ಬರೂ ಕಾನೂನನ್ನು ಎತ್ತಿಹಿಡಿದರು. ಸುಧಾರಣೆಯನ್ನು ಸರಕಾರ ಹಂತ ಹಂತವಾಗಿ ತರಬಹುದು ಎಂದರು. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು. ವೈಯಕ್ತಿಕ ಕಾನೂನುಗಳು ಮೂಲಭೂತ ಹಕ್ಕುಗಳ ಪರೀಕ್ಷೆಗೆ ಒಳಪಡುವುದಿಲ್ಲ ಎಂದಿತು. ಆ ಮಾತು ಮುಂದೆ ಎಷ್ಟೋ ಹೆಂಗಸರಿಗೆ ಮುಳುವಾಯಿತು. 2018ರ ಶಬರಿಮಲೆ ತೀರ್ಪಿನಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ ಅದರ ತರ್ಕ ಸರಿಯಿಲ್ಲ ಎಂದು ಬರೆದರು.

ದುಡಿಯುವವರ ವಿಚಾರದಲ್ಲಿ ಅವರಿಗೆ ಇಂಥ ಅಳುಕು ಇರಲಿಲ್ಲ. ಬ್ಯಾಂಕ್ ನೌಕರರ ವೇತನದ ತೀರ್ಪನ್ನು ಕೇಂದ್ರ ಸರಕಾರ ತಿದ್ದಿದ್ದಕ್ಕೆ ಕಾರ್ಮಿಕ ಸಚಿವ ವಿ.ವಿ. ಗಿರಿ 1954ರಲ್ಲಿ ರಾಜೀನಾಮೆ ಕೊಟ್ಟ ಮೇಲೆ, ಆ ಬಿಕ್ಕಟ್ಟನ್ನು ಬಿಡಿಸುವ ಬ್ಯಾಂಕ್ ಅವಾರ್ಡ್ ಆಯೋಗ ಕೊನೆಗೆ ಅವರ ಕೈಗೆ ಬಂತು. ಸುಪ್ರೀಂ ಕೋರ್ಟಿನಲ್ಲಿ 1960ರ ಹಾಸ್ಪಿಟಲ್ ಮಜ್ದೂರ್ ಸಭಾ ಪ್ರಕರಣದಲ್ಲಿ ಸರಕಾರಿ ಆಸ್ಪತ್ರೆಯೂ ಕೈಗಾರಿಕಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದರು. ಆಸ್ಪತ್ರೆಯ ವಾರ್ಡ್‌ಬಾಯ್ ಗಿರಣಿ ಕಾರ್ಮಿಕನಷ್ಟೇ ಹಕ್ಕುಳ್ಳವನಾದ. ವಿಶ್ವವಿದ್ಯಾಲಯಗಳನ್ನು ಮಾತ್ರ ಅವರು ಹೊರಗಿಟ್ಟರು. ಆ ಗೋಡೆಯನ್ನು ಕೆಡವಿದ್ದು 1978ರಲ್ಲಿ, ನಮ್ಮದೇ ಬೆಂಗಳೂರು ಜಲಮಂಡಳಿಯ ಪ್ರಕರಣ.

1964ರ ಫೆಬ್ರವರಿ 1ರಂದು ಅವರು ಮುಖ್ಯ ನ್ಯಾಯಮೂರ್ತಿಯಾದರು. ಎರಡೇ ತಿಂಗಳಲ್ಲಿ, ನ್ಯಾಯಾಲಯ ದೊಡ್ಡದೋ ಶಾಸನಸಭೆ ದೊಡ್ಡದೋ ಎಂಬ ಜಗಳ ಅವರ ಬಾಗಿಲಿಗೆ ಬಂತು. ಗೋರಖಪುರದ ಕೇಶವ ಸಿಂಗ್ ಎಂಬ ಸಮಾಜವಾದಿ ಕಾರ್ಯಕರ್ತ ಒಬ್ಬ ಶಾಸಕರ ವಿರುದ್ಧ ಕರಪತ್ರ ಹಂಚಿದ್ದ. ಹಕ್ಕುಚ್ಯುತಿಯೆಂದು ಉತ್ತರ ಪ್ರದೇಶದ ವಿಧಾನಸಭೆ ಅವನನ್ನು ಹಿಡಿದು ತರಿಸಿತು. ಅಲ್ಲಿ ಆತ ಸಭಾಧ್ಯಕ್ಷರಿಗೆ ಬೆನ್ನು ತಿರುಗಿಸಿ ನಿಂತ. ಏಳು ದಿನ ಜೈಲಿಗೆ ಹಾಕಿದರು. ಅಲಹಾಬಾದ್ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಜಾಮೀನು ಕೊಟ್ಟರು. ಸಿಟ್ಟಿಗೆದ್ದ ಸಭೆ ಆ ನ್ಯಾಯಮೂರ್ತಿಗಳನ್ನೂ ವಕೀಲನನ್ನೂ ಹಿಡಿದು ತನ್ನ ಮುಂದೆ ನಿಲ್ಲಿಸಬೇಕೆಂದು ಠರಾವು ಮಾಡಿತು! ಹೈಕೋರ್ಟಿನ ಇಪ್ಪತ್ತೆಂಟು ನ್ಯಾಯಮೂರ್ತಿಗಳು ಒಟ್ಟಿಗೆ ಕೂತು ಆ ಠರಾವಿಗೆ ತಡೆ ಕೊಟ್ಟರು. ಕೊನೆಗೆ ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು.

ಏಳು ಜನರ ಪೀಠದ ಪರವಾಗಿ ಗಜೇಂದ್ರಗಡಕರ ಬರೆದ ಅಭಿಪ್ರಾಯ 1964ರ ಸೆಪ್ಟೆಂಬರ್ 30ರಂದು ಹೊರಬಂತು. ಒಬ್ಬರದು ಮಾತ್ರ ಭಿನ್ನಮತ. ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಇದ್ದ ಅಧಿಕಾರವನ್ನು ನಮ್ಮ ವಿಧಾನಸಭೆ ಹಾಗೇ ಎತ್ತಿಕೊಳ್ಳಲಾಗದು, ಇಲ್ಲಿ ಸಂವಿಧಾನವೇ ಮೇಲು, ನಾಗರಿಕ ಹಕ್ಕು ಕೇಳಿ ಬಂದಾಗ ಬಾಗಿಲು ತೆರೆದ ನ್ಯಾಯಮೂರ್ತಿಯನ್ನು ಸಭೆ ಕೆಣಕುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಇವತ್ತಿಗೂ ಹಕ್ಕುಚ್ಯುತಿಯ ಹೆಸರಿನಲ್ಲಿ ಪತ್ರಕರ್ತರನ್ನು ಸದನಕ್ಕೆ ಕರೆಸುವ ಮಾತು ಎದ್ದಾಗಲೆಲ್ಲ ಈ ಅಭಿಪ್ರಾಯವನ್ನೇ ಹಿಡಿದು ವಾದಿಸುತ್ತಾರೆ. ಪತ್ರಿಕೆಗಳಿಗೆ ಅವರು ಕೊಟ್ಟದ್ದು ಬರೀ ಇದೇ ಆಗಿದ್ದರೆ ಚೆನ್ನಾಗಿತ್ತು. ನಿವೃತ್ತಿಗೆ ಹನ್ನೆರಡು ದಿನ ಮೊದಲು, ಮಿರಾಜಕರ ಪ್ರಕರಣದಲ್ಲಿ, ಒಬ್ಬ ಸಾಕ್ಷಿಯ ಹೇಳಿಕೆಯನ್ನು ಪತ್ರಿಕೆಗಳು ಪ್ರಕಟಿಸಬಾರದೆಂಬ ಹೈಕೋರ್ಟ್ ಆದೇಶವನ್ನು ಅವರು ಎತ್ತಿಹಿಡಿದರು. ಅಲ್ಲಿ ಭಿನ್ನಮತ ಬರೆದ ಹಿದಾಯತುಲ್ಲಾ ಅವರೇ ಸರಿ ಎಂದು ನಾನು ನಂಬುತ್ತೇನೆ. ತೆರೆದ ಕೋರ್ಟಿನಲ್ಲಿ ಆಡಿದ ಮಾತನ್ನು ಜನರಿಂದ ಮುಚ್ಚಿಡಲು ಇನ್ನೂ ಬಲವಾದ ಕಾರಣ ಬೇಕು.

ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು 1966ರ ಜನವರಿ 14ರ ತೀರ್ಪು. 1947ರ ಮುಂಬಯಿ ಹರಿಜನ ದೇವಾಲಯ ಪ್ರವೇಶ ಕಾಯ್ದೆ ಅಹಮದಾಬಾದಿಗೆ ಹೇಗೋ ಗದಗಿಗೂ ಹಾಗೇ ಅನ್ವಯಿಸುತ್ತಿತ್ತು. ವೀರನಾರಾಯಣನ ಗುಡಿಗೂ ತ್ರಿಕೂಟೇಶ್ವರನ ಗುಡಿಗೂ ಅದೇ ಕಾನೂನು. ಅಹಮದಾಬಾದಿನ ಸ್ವಾಮಿನಾರಾಯಣ ಪಂಥದ ಸತ್ಸಂಗಿಗಳು 1948ರಲ್ಲಿ ದಾವೆ ಹಾಕಿದರು. ನಾವು ಹಿಂದೂಗಳೇ ಅಲ್ಲ, ಆದ್ದರಿಂದ ಈ ಕಾಯ್ದೆ ನಮ್ಮ ಗುಡಿಗೆ ತಾಗುವುದಿಲ್ಲ ಎಂದರು. ದಲಿತರನ್ನು ಹೊರಗಿಡುವುದಕ್ಕಾಗಿ ಧರ್ಮವನ್ನೇ ಬಿಡಲು ತಯಾರಾದವರ ಮಾತು ಅದು. 1958ರಲ್ಲಿ ಹೈಕೋರ್ಟಿನಲ್ಲಿ ಸೋತರು. ಸುಪ್ರೀಂ ಕೋರ್ಟು ತೀರ್ಪು ಕೊಡುವ ಹೊತ್ತಿಗೆ ದಾವೆಗೆ ಹದಿನೆಂಟು ವರ್ಷ. ಒಳಗೆ ಬರುವ ಹಕ್ಕಿಗಾಗಿ ನಿಂತ ದಲಿತ ನಾಯಕ ಮೂಳದಾಸ ವೈಶ್ಯ ಅಷ್ಟೂ ವರ್ಷ ಕಾಯಬೇಕಾಯಿತು.

ಗಜೇಂದ್ರಗಡಕರ ಸತ್ಸಂಗಿಗಳು ಹಿಂದೂಗಳೇ ಎಂದರು, ಬಾಗಿಲು ತೆರೆಸಿದರು. ಅಲ್ಲಿಗೇ ನಿಲ್ಲಲಿಲ್ಲ. ಹಿಂದೂ ಧರ್ಮ ಎಂದರೇನು ಎಂದು ಪುಟಗಟ್ಟಲೆ ಬರೆದರು. ಲೋಕಮಾನ್ಯ ತಿಲಕರು ಕೊಟ್ಟ ವ್ಯಾಖ್ಯೆಯನ್ನು ಒಪ್ಪಿಕೊಂಡರು. ಗುಡಿಯೊಳಗೆ ದಲಿತರು ಬಂದರೆ ಮೈಲಿಗೆ ಎಂಬ ಭಯವು ಮೂಢನಂಬಿಕೆಯಿಂದಲೂ ಸ್ವಾಮಿನಾರಾಯಣರ ಬೋಧನೆಯನ್ನು ತಪ್ಪಾಗಿ ತಿಳಿದದ್ದರಿಂದಲೂ ಹುಟ್ಟಿದ್ದು ಎಂದು ಕಟುವಾಗಿ ಹೇಳಿದರು. ಸುಧಾರಕರ ಸಾಲನ್ನು ಎಣಿಸುವಾಗ ಬುದ್ಧ, ಮಹಾವೀರ, ಗುರು ನಾನಕರ ಜೊತೆಗೆ ಬಸವಣ್ಣನವರನ್ನೂ ಹೆಸರಿಸಿ, ಲಿಂಗಾಯತ ಧರ್ಮದ ಸ್ಥಾಪಕರೆಂದರು. 2017–18ರಲ್ಲಿ ಲಿಂಗಾಯತ ಸ್ವತಂತ್ರ ಧರ್ಮದ ಹೋರಾಟ ಎದ್ದು, ನಾಗಮೋಹನದಾಸ್ ಸಮಿತಿ ಕೂತು, 2018ರ ಮಾರ್ಚಿನಲ್ಲಿ ರಾಜ್ಯ ಸರಕಾರ ಶಿಫಾರಸು ಕಳಿಸಿತಲ್ಲ, ಆಗ ಈ ಒಂದು ವಾಕ್ಯವನ್ನು ಹೋರಾಟಗಾರರು ಮತ್ತೆ ಮತ್ತೆ ಎತ್ತಿ ತೋರಿಸಿದರು. ಅದೇ ಸಾಲಿನವರನ್ನೆಲ್ಲ ಆ ತೀರ್ಪು ಹಿಂದೂ ಚಿಂತನೆಯ ಒಳಗಿನ ಬೆಳವಣಿಗೆಯಾಗಿಯೇ ನೋಡಿತ್ತು ಎಂದು ಎದುರಿನವರು ಹೇಳಿದರು. ಎರಡೂ ಮಾತು ಅದೇ ಪುಟದಲ್ಲಿವೆ.

ಕೋರ್ಟು ಧರ್ಮದ ವ್ಯಾಖ್ಯೆ ಕೊಡಲು ಹೊರಟರೆ ಹೀಗೇ ಆಗುತ್ತದೆ. ಭಾರತದ ಕಾನೂನನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ಅಮೆರಿಕದ ವಿದ್ವಾಂಸ ಮಾರ್ಕ್ ಗ್ಯಾಲಂಟರ್ 1971ರಲ್ಲೇ ಇದನ್ನು ಎತ್ತಿ ಹೇಳಿದ್ದರು. ಸಾರ್ವಜನಿಕ ಗುಡಿಗೆ ಎಲ್ಲರೂ ಹೋಗಬಹುದು ಎನ್ನಲು ಸಮಾನತೆಯ ಹಕ್ಕೊಂದೇ ಸಾಕಿತ್ತು, ನಿಜವಾದ ಧರ್ಮ ಇದು, ನಿಮ್ಮದು ತಪ್ಪು ತಿಳಿವಳಿಕೆ ಎಂದು ಭಕ್ತರಿಗೆ ಪಾಠ ಹೇಳುವ ಕೆಲಸ ನ್ಯಾಯಮೂರ್ತಿಯದೇ ಎಂಬುದು ಅವರ ಪ್ರಶ್ನೆಯ ಸಾರ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೂ 1966ರಲ್ಲಿ, ಮಾಧ್ವ ಆಚಾರ್ಯರ ಮನೆಯಲ್ಲಿ ಹುಟ್ಟಿದ ಮುಖ್ಯ ನ್ಯಾಯಮೂರ್ತಿಯೊಬ್ಬರು ಶಾಸ್ತ್ರದ ಭಾಷೆಯಲ್ಲೇ ಅಸ್ಪೃಶ್ಯತೆಗೆ ಶಾಸ್ತ್ರದ ಆಧಾರವಿಲ್ಲ ಎಂದು ಬರೆದದ್ದು ಸಣ್ಣ ಸಂಗತಿಯಲ್ಲ. ಸಂವಿಧಾನದ ಮಾತನ್ನು ಕೇಳದ ಕಿವಿಗಳೂ ಅದನ್ನು ಕೇಳಬೇಕಾಯಿತು.

1966ರ ಮಾರ್ಚ್ 15ಕ್ಕೆ ಅವರಿಗೆ ಅರವತ್ತೈದು ತುಂಬಿ ನಿವೃತ್ತರಾದರು. ಅಮೆರಿಕದಲ್ಲಾಗಿದ್ದರೆ ಏಳಬೇಕಾಗಿರಲಿಲ್ಲ. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೆ ವಯಸ್ಸಿನ ಮಿತಿಯಿಲ್ಲ. ಆಲಿವರ್ ವೆಂಡೆಲ್ ಹೋಮ್ಸ್ ತೊಂಬತ್ತರ ವಯಸ್ಸಿನವರೆಗೆ ಪೀಠದಲ್ಲಿದ್ದರು. ಗಜೇಂದ್ರಗಡಕರರ ಕಾಲದಲ್ಲೇ ಅಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅರ್ಲ್ ವಾರೆನ್ 1953ರಿಂದ 1969ರವರೆಗೆ ಹದಿನಾರು ವರ್ಷ ಅದೇ ಕುರ್ಚಿಯಲ್ಲಿ ಕೂತು, ಕರಿಯ–ಬಿಳಿಯ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಕಳಿಸುವ ಪದ್ಧತಿಯನ್ನು 1954ರಲ್ಲಿ ಅಳಿಸಿದ ತೀರ್ಪು ಮುಂದೆ ಹೇಗೆ ಜಾರಿಯಾಗುತ್ತದೆ ಎಂಬುದನ್ನು ತಾನೇ ನೋಡಿಕೊಂಡರು. ಗಜೇಂದ್ರಗಡಕರರಿಗೆ ಸಿಕ್ಕದ್ದು ಎರಡು ವರ್ಷಕ್ಕಿಂತ ತುಸು ಹೆಚ್ಚು. ತಾವು ಹಾಕಿದ ಸೂತ್ರ ನೆಲದ ಮೇಲೆ ಏನು ಮಾಡುತ್ತದೆಂದು ಕಂಡು ತಿದ್ದುವ ಅವಕಾಶ ಅವರಿಗೆ ಪೀಠದಿಂದ ಸಿಗಲಿಲ್ಲ.

ನಿವೃತ್ತಿಯ ನಂತರ ಸುಮ್ಮನೆ ಕೂಡಲಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ಕುಲಪತಿ, ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷ, ಜಮ್ಮು–ಕಾಶ್ಮೀರದ ಪ್ರಾದೇಶಿಕ ಅಸಮಾನತೆಯ ವಿಚಾರಣೆ, 1971ರಿಂದ 1977ರವರೆಗೆ ಕಾನೂನು ಆಯೋಗ. 1972ರಲ್ಲಿ ಪದ್ಮವಿಭೂಷಣ. 1981ರ ಜೂನ್ 12ರಂದು ತೀರಿಕೊಂಡರು. ನಿವೃತ್ತ ನ್ಯಾಯಮೂರ್ತಿಗಳು ಸರಕಾರ ಕೊಡುವ ಹುದ್ದೆ ಹಿಡಿಯಬೇಕೇ ಎಂಬ ಚರ್ಚೆ ಇಂದು ಜೋರಾಗಿದೆ. ಅವರು ಒಳ್ಳೆಯ ಕೆಲಸವನ್ನೇ ಮಾಡಿದರೂ, ತುರ್ತು ಪರಿಸ್ಥಿತಿಯ ವರ್ಷಗಳಲ್ಲಿ ಮಾಜಿ ಮುಖ್ಯ ನ್ಯಾಯಮೂರ್ತಿಯೊಬ್ಬರು ಸರಕಾರದ ಆಯೋಗದ ಕುರ್ಚಿಯಲ್ಲಿದ್ದದ್ದು ನನಗೆ ಸರಿಕಾಣುವುದಿಲ್ಲ.

ಇನ್ನು ಅವರ ತೀರ್ಪುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಸಿಇಟಿ, ನೀಟ್ ಫಲಿತಾಂಶ ಬಂದಾಗ ಹೊಂಬಳದ ಮನೆಮನೆಯಲ್ಲಿ 2ಎ, 3ಬಿ, ಪ್ರವರ್ಗ 1, ಎಸ್‌ಸಿ, ಎಸ್‌ಟಿ, ಜಿಎಂ ಎಂಬ ಮೀಸಲಾತಿಯ ಲೆಕ್ಕ ನಡೆಯುತ್ತದೆ. ಈ ಲೆಕ್ಕದ ಚೌಕಟ್ಟು ಹಾಕಿದ್ದು 1962ರ ಸೆಪ್ಟೆಂಬರ್ 28ರಂದು ಐವರು ನ್ಯಾಯಮೂರ್ತಿಗಳ ಪರವಾಗಿ ಗಜೇಂದ್ರಗಡಕರ ಬರೆದ ‘ಎಂ.ಆರ್. ಬಾಲಾಜಿ ವಿರುದ್ಧ ಮೈಸೂರು ರಾಜ್ಯ’ ತೀರ್ಪು.

ಹಿನ್ನೆಲೆ ಹೀಗಿತ್ತು. ಹಿಂದುಳಿದವರಿಗೆ ಪಾಲು ಕೊಡುವ ಪರಂಪರೆ ಹಳೆಯ ಮೈಸೂರಿನಲ್ಲಿ 1918ರ ಮಿಲ್ಲರ್ ಸಮಿತಿಯಿಂದ ಬಂದದ್ದು. ಏಕೀಕರಣದ ನಂತರ 1958ರಲ್ಲಿ ಸರಕಾರ ಬ್ರಾಹ್ಮಣರನ್ನು ಬಿಟ್ಟು ಎಲ್ಲರೂ ಹಿಂದುಳಿದವರೆಂದು ಆದೇಶಿಸಿತು. ಅದು ಹೈಕೋರ್ಟಿನಲ್ಲಿ ಬಿತ್ತು. 1960ರಲ್ಲಿ ನಾಗನಗೌಡ ಸಮಿತಿ ರಚನೆಯಾಯಿತು. ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಜಾತಿಯ ಸಾವಿರ ಜನಕ್ಕೆ ಎಷ್ಟು ಮಕ್ಕಳಿದ್ದಾರೆ ಎಂದು ಅದು ಎಣಿಸಿತು. ರಾಜ್ಯದ ಸರಾಸರಿ 6.9. ಲಿಂಗಾಯತರದು 7.1, ಆದರೂ ಸರಕಾರ ಅವರನ್ನು ಹಿಂದುಳಿದವರ ಪಟ್ಟಿಗೆ ಸೇರಿಸಿತು. 1962ರ ಜುಲೈ 31ರ ಆದೇಶದಂತೆ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಸೀಟುಗಳಲ್ಲಿ ಹಿಂದುಳಿದವರಿಗೆ ಶೇ 28, ಹೆಚ್ಚು ಹಿಂದುಳಿದವರಿಗೆ ಶೇ 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3. ಒಟ್ಟು 68. ಸೀಟು ಸಿಗದ ವಿದ್ಯಾರ್ಥಿಗಳು ನೇರ ಸುಪ್ರೀಂ ಕೋರ್ಟಿಗೆ ಹೋದರು. ಎರಡೇ ತಿಂಗಳಲ್ಲಿ ತೀರ್ಪು ಬಂತು.

ಗಜೇಂದ್ರಗಡಕರ ಆದೇಶವನ್ನು ಸಂವಿಧಾನಕ್ಕೆ ಮಾಡಿದ ವಂಚನೆ ಎಂದು ಕರೆದು ರದ್ದು ಮಾಡಿದರು. ಹಿಂದುಳಿದಿರುವಿಕೆ ಸಾಮಾಜಿಕವೂ ಶೈಕ್ಷಣಿಕವೂ ಎರಡೂ ಆಗಿರಬೇಕು. ಜಾತಿಯೊಂದೇ ಅಳತೆಗೋಲಾಗಬಾರದು, ಬಡತನ, ಕಸುಬು, ವಾಸದ ಜಾಗ ಇವೆಲ್ಲ ಲೆಕ್ಕಕ್ಕೆ ಬರಬೇಕು. ಸರಾಸರಿಯ ಆಸುಪಾಸಿನವರನ್ನು ಹಿಂದುಳಿದವರೆನ್ನುವುದು ಸಲ್ಲದು. ಹೀಗೆ ಸೇರಿಸುತ್ತ ಹೋದರೆ ರಾಜ್ಯದ ಶೇ 90ರಷ್ಟು ಜನ ಹಿಂದುಳಿದವರಾಗುತ್ತಾರೆ ಎಂದರು. ಇಲ್ಲಿಯವರೆಗಿನ ತರ್ಕದಲ್ಲಿ ಬಲವಿದೆ. ಬಲಾಢ್ಯರು ಪಟ್ಟಿಯೊಳಗೆ ತೂರಿಕೊಂಡರೆ ಮೊದಲು ನಷ್ಟವಾಗುವುದು ಕುರಿ ಕಾಯುವವನ, ಮಡಿಕೆ ಮಾಡುವವನ ಮಗಳಿಗೆ. ಅದನ್ನು ಅವರು ಕಂಡರು.

ಆಮೇಲೆ ಬಂದದ್ದು ಮಿತಿಯ ಮಾತು. ಮೀಸಲಾತಿ ಸಾಮಾನ್ಯವಾಗಿ ಶೇ 50ಕ್ಕಿಂತ ಕಡಿಮೆ ಇರಬೇಕು, ಎಷ್ಟು ಕಡಿಮೆ ಎಂಬುದು ಆಯಾ ಸಂದರ್ಭಕ್ಕೆ ಬಿಟ್ಟದ್ದು ಎಂದರು. ವಿಶೇಷ ಸವಲತ್ತು ಮೂಲ ನಿಯಮವನ್ನೇ ನುಂಗಬಾರದು ಎಂಬುದು ಅವರ ಕಾರಣ. ಆದರೆ ಐವತ್ತೇ ಏಕೆ? ಅರುವತ್ತೇಕಲ್ಲ, ನಲವತ್ತೇಕಲ್ಲ? ಜನಸಂಖ್ಯೆಯ ಲೆಕ್ಕದಿಂದಲೂ ಸಂವಿಧಾನದ ಯಾವ ವಿಧಿಯಿಂದಲೂ ಈ ಅಂಕಿ ಹುಟ್ಟಿಲ್ಲ. ನಾಗನಗೌಡ ಸಮಿತಿಯ 6.9 ಅನ್ನು ಅಷ್ಟು ನಿಷ್ಠುರವಾಗಿ ಪರೀಕ್ಷಿಸಿದ ಪಂಡಿತರು ತಮ್ಮದೇ ಅಂಕಿಯನ್ನು ಅದೇ ಪರೀಕ್ಷೆಗೆ ಒಡ್ಡಲಿಲ್ಲ. ಇದು ನನ್ನೊಬ್ಬನ ತಕರಾರಲ್ಲ. 1985ರಲ್ಲಿ ಮತ್ತೆ ಕರ್ನಾಟಕದಿಂದಲೇ ಹೋದ ವಸಂತಕುಮಾರ್ ಪ್ರಕರಣದಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಇದೇ ಪ್ರಶ್ನೆ ಕೇಳಿದ್ದರು.

ತೀರ್ಪಿನ ಪರಿಣಾಮ ಕೂಡಲೇ ಕಂಡಿತು. 1963ರಲ್ಲಿ ಸರಕಾರ ಜಾತಿಯನ್ನು ಬಿಟ್ಟು, ವರ್ಷಕ್ಕೆ 1,200 ರೂಪಾಯಿಗಿಂತ ಕಡಿಮೆ ಆದಾಯ ಮತ್ತು ಕಸುಬಿನ ಆಧಾರದ ಮೇಲೆ ಶೇ 30 ಕೊಟ್ಟಿತು. ಒಕ್ಕಲುತನದವರೆಲ್ಲ ಅದರಲ್ಲಿ ಬಂದರು, ಆದರೆ ಜಾತಿಯ ಪೆಟ್ಟು ತಿಂದವರಿಗೆ ಪ್ರತ್ಯೇಕ ಜಾಗ ಉಳಿಯಲಿಲ್ಲ. ಅದನ್ನು ಮತ್ತೆ ಕಟ್ಟಲು 1972ರಲ್ಲಿ ದೇವರಾಜ ಅರಸರು ನೇಮಿಸಿದ ಆಯೋಗವೇ ಬೇಕಾಯಿತು. ಅದರ ಅಧ್ಯಕ್ಷರು ನಮ್ಮ ನೆರೆಯ ರಾಣೆಬೆನ್ನೂರಿನ ಎಲ್.ಜಿ. ಹಾವನೂರು. 1992ರ ಮಂಡಲ್ ತೀರ್ಪು ಬಾಲಾಜಿಯ ಎರಡು ಮಾತನ್ನು ಕೈಬಿಟ್ಟಿತು: ಹಿಂದುಳಿದಿರುವಿಕೆಯನ್ನು ಗುರುತಿಸಲು ಜಾತಿಯಿಂದಲೇ ಶುರುಮಾಡಬಹುದು, ಹಿಂದುಳಿದವರು–ಹೆಚ್ಚು ಹಿಂದುಳಿದವರು ಎಂದು ವಿಂಗಡಿಸಬಹುದು ಎಂದಿತು. ಐವತ್ತರ ಗೆರೆಯನ್ನು ಮಾತ್ರ ಉಳಿಸಿಕೊಂಡಿತು, ಇನ್ನೂ ಬಿಗಿ ಮಾಡಿತು.

ಆ ಗೆರೆಯೊಳಗೇ ನಾವು ಇಷ್ಟು ದಿನ ಬಡಿದಾಡುತ್ತ ಬಂದಿದ್ದೇವೆ. ಕರ್ನಾಟಕದ ಲೆಕ್ಕ 2022ರವರೆಗೆ ಹೀಗಿತ್ತು: ಹಿಂದುಳಿದವರ ಎಲ್ಲ ಪ್ರವರ್ಗಗಳಿಗೆ 32, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3, ಕೂಡಿದರೆ ಸರಿಯಾಗಿ 50. ಲಿಂಗಾಯತ ಪಂಚಮಸಾಲಿಗಳು 2ಎ ಕೇಳಿದರೆ ಅಲ್ಲಿರುವ ಸಣ್ಣ ಜಾತಿಗಳಿಗೆ ಎದೆ ಧಸಕ್ಕೆನ್ನುತ್ತದೆ. 2023ರ ಮಾರ್ಚಿನಲ್ಲಿ ಮುಸಲ್ಮಾನರ ಶೇ 4 ಕಿತ್ತು ಒಕ್ಕಲಿಗ–ಲಿಂಗಾಯತರಿಗೆ ಹಂಚುವ ಆದೇಶ ಬಂದಾಗ ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ ನಿಂತಿತು. ಒಬ್ಬರಿಗೆ ಕೊಡಬೇಕಾದರೆ ಇನ್ನೊಬ್ಬರಿಂದ ಕೀಳಲೇಬೇಕು ಎಂಬ ಸ್ಥಿತಿಗೆ ಮೂಲ ಆ ಮಿತಿ. ಹೊಂಬಳದಲ್ಲಿ ಒಂದೇ ಓಣಿಯ ಎರಡು ಸಮಾಜಗಳು ಪರಸ್ಪರ ಮುಖ ಸಿಂಡರಿಸುವಾಗ, ಜಗಳ ನೆರೆಯವರ ಜೊತೆಗಲ್ಲ, 1962ರ ಒಂದು ಅಂಕಿಯ ಜೊತೆಗೆ ಎಂಬುದು ಇಬ್ಬರಿಗೂ ಹೊಳೆಯುವುದಿಲ್ಲ.

ಈಗ ಗೆರೆ ಸಡಿಲಾಗಿದೆ. 2019ರಲ್ಲಿ ಸಂವಿಧಾನದ 103ನೇ ತಿದ್ದುಪಡಿ ಮೇಲ್ಜಾತಿಯ ಬಡವರಿಗೆ ಶೇ 10 ಕೊಟ್ಟಿತು. 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಮೂವರು–ಇಬ್ಬರ ಅಂತರದಲ್ಲಿ ಅದನ್ನು ಒಪ್ಪಿತು; ಐವತ್ತರ ಮಿತಿ ಅಲುಗದ ಕಲ್ಲಲ್ಲ ಎಂದು ಬಹುಮತದ ಕಡೆಯಿಂದ ಮಾತು ಬಂತು. ಅದೇ ವರ್ಷ ಕರ್ನಾಟಕ ಪರಿಶಿಷ್ಟ ಜಾತಿಯ ಪಾಲನ್ನು 17ಕ್ಕೆ, ಪಂಗಡದ್ದನ್ನು 7ಕ್ಕೆ ಏರಿಸಿ ಒಟ್ಟು 56 ಮಾಡಿತು. ಮೇಲ್ಜಾತಿಯ ಬಡವರಿಗಾಗಿ ದಾಟಬಹುದಾದ ಗೆರೆಯನ್ನು ಶತಮಾನಗಳಿಂದ ಹೊರಗುಳಿದವರಿಗಾಗಿ ದಾಟಬಾರದು ಎಂದು ಯಾರಾದರೂ ವಾದಿಸಿದರೆ, ಅವರು ಬಾಲಾಜಿ ತೀರ್ಪಿನ ಹಿಂದೆ ಅಡಗಿಕೊಳ್ಳಲಾಗದು. ಗಜೇಂದ್ರಗಡಕರ ಬಳಸಿದ್ದು ‘ಸಾಮಾನ್ಯವಾಗಿ’ ಎಂಬ ಪದ. ಸಂದರ್ಭ ನೋಡಿ ನಿರ್ಧರಿಸಿ ಎಂದು ಅದೇ ವಾಕ್ಯದಲ್ಲಿ ಬಾಗಿಲು ತೆರೆದಿಟ್ಟಿದ್ದರು. ಆ ಬಾಗಿಲನ್ನು ಮುಚ್ಚಿ ಚಿಲಕ ಹಾಕಿದವರು ಅವರ ನಂತರ ಬಂದವರು.